ಹಳ್ಳದ ಮರ ‘ಎಂಡೇಂಜರ್ಡ್’ ಅಂದರೆ ಜಮೀನಿಗೆ ತೊಂದರೆಯೇ?

ಓದುಗರ ಪ್ರಶ್ನೆ: ನಮ್ಮದು ಸಿದ್ದಾಪುರ ತಾಲೂಕು. ಅಡಿಕೆ ತೋಟದ ಕೆಳಗೆ ಒಂದು ಹಳ್ಳ ಇದೆ. ಅದರ ಎರಡೂ ಬದಿ ಹಡ್ಲು ಜಾಗ, ಏಪ್ರಿಲ್‌ನಲ್ಲೂ ಕಾಲು ಹೂತುಹೋಗುತ್ತದೆ. ಅಲ್ಲಿ ಮೂವತ್ತು ನಲವತ್ತು ದೊಡ್ಡ ಮರಗಳಿವೆ. ಕೆಲವು ಮರಗಳ ಬುಡದಿಂದ ಕೋಲು ಕೊಟ್ಟಂತೆ ಬೇರು ಇಳಿದಿದೆ. ಇನ್ನು ಕೆಲವದರ ಬೇರು ಕೆಸರಿನಿಂದ ಮೇಲೆದ್ದು, ಮಂಡಿ ಮಡಚಿದಂತೆ ಬಾಗಿ, ಮತ್ತೆ ಕೆಸರಿಗಿಳಿಯುತ್ತದೆ. ಈಚೆಗೆ ಕಾಲೇಜಿನ ಹುಡುಗರು ಬಂದು ನೋಡಿ ಒಂದು ಚೀಟಿ ಬರೆದುಕೊಟ್ಟರು: “ಮಿರಿಸ್ಟಿಕಾ ಫ್ಯಾಚುವಾ ವೆರೈಟಿ ಮ್ಯಾಗ್ನಿಫಿಕಾ, ಸಿನೊನಿಮ್ ಮಿರಿಸ್ಟಿಕಾ ಮ್ಯಾಗ್ನಿಫಿಕಾ. ನೇಟಿವ್, ಎಂಡೆಮಿಕ್, ರೇರ್, ಎಂಡೇಂಜರ್ಡ್. ಡಯೀಷಿಯಸ್. ಸೀಡ್ಸ್ ರಿಕಾಲ್ಸಿಟ್ರೆಂಟ್. ಸ್ವಾಂಪ್ ಆಬ್ಲಿಗೇಟ್.” ಮಂಡಿ ಬೇರಿನ ಮರದ ಹೆಸರು ಜಿಮ್ನಕ್ರಾಂಥೆರಾ ಕೆನರಿಕಾ ಎಂದೂ ಬರೆದಿದ್ದಾರೆ. ನೆರೆಮನೆಯವರು “ಯಾರಿಗೂ ಹೇಳಬೇಡಿ, ಅರಣ್ಯ ಇಲಾಖೆಯವರು ಜಾಗ ಹಿಡಿಯುತ್ತಾರೆ” ಅನ್ನುತ್ತಾರೆ. ಮಗ ಬಸಿಗಾಲುವೆ ತೆಗೆದು ಅಲ್ಲೂ ಅಡಿಕೆ ಹಾಕೋಣ ಅನ್ನುತ್ತಾನೆ, ಕಾಯಿ ಬಿಡದ ಮರಗಳನ್ನಾದರೂ ಕಡಿಯೋಣ ಅನ್ನುತ್ತಾನೆ. ನರ್ಸರಿಯವರೊಬ್ಬರು ಜಾಯಿಕಾಯಿ ಕಸಿಗೆ ಬೇಕು, ಬೀಜ ಎಷ್ಟಿದ್ದರೂ ಕೊಡಿ ಅನ್ನುತ್ತಾರೆ. ಇಷ್ಟು ಮರ ಕಣ್ಣೆದುರಿಗೇ ಇರುವಾಗ ಇದು ‘ರೇರ್’ ಹೇಗೆ? ಈ ಪದಗಳಲ್ಲಿ ನಾವು ತಲೆಕೆಡಿಸಿಕೊಳ್ಳಬೇಕಾದದ್ದು ಯಾವುದು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಕಾಣುತ್ತದೆ. ಜಮೀನು ಕೈತಪ್ಪುತ್ತದೋ ಅನ್ನುವುದು ಒಂದು. ಗೊತ್ತಿಲ್ಲದೆ ಏನೋ ಅಮೂಲ್ಯವಾದದ್ದನ್ನು ಹಾಳುಮಾಡಿಬಿಡುತ್ತೇವೋ ಅನ್ನುವುದು ಇನ್ನೊಂದು. ಮೊದಲನೆಯದು ದೊಡ್ಡದಾಗಿ ಕಾಣುತ್ತದೆ, ಆದರೆ ಅದರಲ್ಲಿ ಹುರುಳು ಕಡಿಮೆ. ಎರಡನೆಯದೇ ನಿಜವಾದ ಪ್ರಶ್ನೆ. ಅದಕ್ಕೆ ಉತ್ತರ ಚೀಟಿಯ ಕೊನೆಯ ಮೂರು ಪದಗಳಲ್ಲಿದೆ. ಎಲ್ಲರೂ ‘ಎಂಡೇಂಜರ್ಡ್’ ಅನ್ನುವಲ್ಲೇ ನಿಂತುಬಿಡುತ್ತಾರೆ, ಆ ಮೂರು ಪದಗಳನ್ನು ಯಾರೂ ಓದುವುದಿಲ್ಲ. ಮೊದಲ ನಾಲ್ಕು ಪದ ಹೇಳುವುದು ಆ ಜಾತಿ ಒಟ್ಟಾರೆ ಎಲ್ಲಿದೆ, ಹೇಗಿದೆ ಅಂತ. ಕೊನೆಯ ಮೂರು ಹೇಳುವುದು ನಿಮ್ಮ ಹಳ್ಳದಲ್ಲಿ ಅದು ಹೇಗೆ ಬದುಕುತ್ತದೆ ಅಂತ.

ಮೊದಲು ಹುಡುಗರು ಬರೆದ ಹೆಸರು ಸರಿಯೇ ನೋಡೋಣ. ಹೆಸರು ತಪ್ಪಿದರೆ ಮುಂದಿನ ಪದಗಳೆಲ್ಲ ಬೇರೆ ಮರಕ್ಕೆ ಹೋಗುತ್ತವೆ. ನೀವು ಬರೆದ ಬೇರಿನ ವಿವರ ಚೆನ್ನಾಗಿ ಹೊಂದುತ್ತದೆ. ಬುಡದಿಂದ ಕೋಲಿನಂತೆ ಇಳಿಯುವ ಬೇರು ಮ್ಯಾಗ್ನಿಫಿಕಾದ್ದು, ಮಂಡಿ ಮಡಚಿದ ಬೇರು ಜಿಮ್ನಕ್ರಾಂಥೆರಾದ್ದು. ಇನ್ನೆರಡು ಗುರುತು ನೀವೇ ನೋಡಬಹುದು. ತೊಗಟೆಗೆ ಉಗುರಿನಷ್ಟು ಗೀರು ಹಾಕಿ, ಕೆಂಪು ರಸ ಜಿನುಗಬೇಕು. ರಾಮಪತ್ರೆ ಮರದಲ್ಲೂ ಇದನ್ನು ನೋಡಿರುತ್ತೀರಿ, ಜಾಯಿಕಾಯಿಯ ಇಡೀ ಕುಟುಂಬದ ಗುಣ ಅದು. ಆಮೇಲೆ ಎಲೆ ಮಗುಚಿ ನೋಡಿ. ಜಿಮ್ನಕ್ರಾಂಥೆರಾದ ಎಲೆಯ ಅಡಿಭಾಗ ಬೂದಿ ಬಳಿದಂತೆ ತಿಳಿ ಬೆಳ್ಳಗೆ ಇರುತ್ತದೆ, ಪುಸ್ತಕಗಳು ಇದಕ್ಕೆ ‘ಗ್ಲಾಕಸ್’ ಅನ್ನುತ್ತವೆ. ಮ್ಯಾಗ್ನಿಫಿಕಾದ ಎಲೆ ತುಂಬಾ ದೊಡ್ಡದು, ಮೊಳದ ಹತ್ತಿರ ಬರುವುದೂ ಉಂಟು. ಅದರ ಎಳೆಯ ಕೊಂಬೆ, ಕಾಯಿಗಳ ಮೇಲೆ ತುಕ್ಕಿನ ಬಣ್ಣದ ಮೃದುವಾದ ರೋಮ ಇರುತ್ತದೆ. ಬೆರಳಿಂದ ತಿಕ್ಕಿದರೆ ಕೈಗೆ ಅಂಟಿ ಬರುತ್ತದೆ. ಇದು ‘ಟೊಮೆಂಟೋಸ್’. ಸಸ್ಯಶಾಸ್ತ್ರದ ವಿವರಣೆಯ ಪದಗಳೆಲ್ಲ ಹೀಗೆಯೇ, ಕಣ್ಣಿಗೆ ಕಾಣುವ, ಕೈಗೆ ಸಿಗುವ ಗುಣಗಳು. ಅವುಗಳ ಬಗ್ಗೆ ಯಾರೂ ಜಗಳ ಆಡುವುದಿಲ್ಲ. ಜಗಳ ಎಲ್ಲ ‘ನೇಟಿವ್’, ‘ರೇರ್’ ಥರದ ಪದಗಳ ಬಗ್ಗೆ.

ಚೀಟಿಯಲ್ಲಿ ಎರಡು ಹೆಸರು ಇರುವುದಕ್ಕೂ ಕಾರಣ ಇದೆ. ಈ ಮರವನ್ನು 19ನೇ ಶತಮಾನದಲ್ಲಿ ಬೆಡ್ಡೋಮ್ ಎಂಬ ಅರಣ್ಯಾಧಿಕಾರಿ ಮಿರಿಸ್ಟಿಕಾ ಮ್ಯಾಗ್ನಿಫಿಕಾ ಎಂದು ಕರೆದರು. ಮುಂದೆ ಬಂದವರು ಅದನ್ನು ಇಂಡೋನೇಷ್ಯಾದ ಮಲುಕು ದ್ವೀಪಗಳ ಮಿರಿಸ್ಟಿಕಾ ಫ್ಯಾಚುವಾದ ಒಂದು ವೆರೈಟಿ ಎಂದು ಸೇರಿಸಿದರು. ಕೆಲವರು ಈಗಲೂ ಬೇರೆ ಜಾತಿಯೇ ಅನ್ನುತ್ತಾರೆ. ಒಂದನ್ನು ಒಪ್ಪಿದವರಿಗೆ ಇನ್ನೊಂದು ‘ಸಿನೊನಿಮ್’. ನಿಮಗೆ ಇದರಿಂದ ಆಗಬೇಕಾದ್ದು ಇಷ್ಟೇ: ಯಾವ ಪಟ್ಟಿಯಲ್ಲಿ ಹುಡುಕಿದರೂ ಎರಡೂ ಹೆಸರಲ್ಲಿ ಹುಡುಕಿ. ಒಂದೇ ಹೆಸರು ನೋಡಿ “ನಮ್ಮ ಮರ ಪಟ್ಟಿಯಲ್ಲಿಲ್ಲ” ಅಂದುಕೊಳ್ಳಬೇಡಿ.

ಇನ್ನು ‘ನೇಟಿವ್’. ಮನುಷ್ಯರು ತಂದು ಹಾಕದೆ, ತಾನಾಗಿಯೇ ಒಂದು ಪ್ರದೇಶಕ್ಕೆ ಬಂದು ನೆಲೆಸಿದ ಸಸ್ಯ ಎಂದರ್ಥ. ಈ ಪದಕ್ಕೆ ‘ಎಲ್ಲಿಗೆ’ ಅನ್ನುವುದು ಜೊತೆಗಿರದಿದ್ದರೆ ಬೆಲೆಯಿಲ್ಲ. ರಕ್ತಚಂದನ ಭಾರತಕ್ಕೆ ನೇಟಿವ್, ಆಂಧ್ರದ ಕಡೆಯ ಪೂರ್ವಘಟ್ಟದ ಒಣ ಬೆಟ್ಟಗಳ ಮರ. ಅದನ್ನು ತಂದು ನಿಮ್ಮ ಹಳ್ಳದ ಬದಿಗೆ ನೆಟ್ಟರೆ ಅಲ್ಲಿಗೆ ಅದು ಹೊರಗಿನದೇ. ನರ್ಸರಿಗಳಲ್ಲಿ “ದೇಶಿ ಗಿಡ” ಎಂದು ಬೋರ್ಡು ಹಾಕಿರುವಾಗ ಯಾವ ಕಾಡಿನ, ಯಾವ ಮರದ ಬೀಜ ಎಂದು ಕೇಳಿ. ಅಶೋಕ ಅಂತ ಕೊಡುವುದೇ ಎಷ್ಟೋ ಕಡೆ ಕಂಬದಂತೆ ನೇರ ಬೆಳೆಯುವ ಪಾಲಿಯಾಲ್ತಿಯಾ. ನಿಜವಾದ ಅಶೋಕ ಕಿತ್ತಳೆ ಹೂಗೊಂಚಲು ಬಿಡುವ ಸರಾಕಾ ಅಶೋಕಾ.

ಹೆಸರಿನಲ್ಲಿರುವ ಊರನ್ನು ನಂಬಿಯೂ ಜನ ಮೋಸಹೋಗುತ್ತಾರೆ. ಹುಣಸೆಯ ಹೆಸರು ಟ್ಯಾಮರಿಂಡಸ್ ಇಂಡಿಕಾ, ಆದರೆ ಅದರ ಮೂಲ ಆಫ್ರಿಕಾ. ಕೆನರಿಕಾ ಅಂದಮಾತ್ರಕ್ಕೆ ಜಿಮ್ನಕ್ರಾಂಥೆರಾ ಕೆನರಾ ಜಿಲ್ಲೆಗಳಲ್ಲಿ ಮಾತ್ರ ಇಲ್ಲ, ಕೇರಳದ ಜೌಗುಗಳಲ್ಲೂ ಇದೆ. ಹಾಗಂತ ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದು ಅಂದುಕೊಳ್ಳುವುದೂ ಬೇಡ. ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಆಯಿತು. ಹೊರಗಿನಿಂದ ಬಂದು ತಾನಾಗಿಯೇ ಸಂಸಾರ ಹೂಡಿಕೊಂಡ ಗಿಡ ‘ನ್ಯಾಚುರಲೈಸ್ಡ್’. ಹಾಗೆ ಹೂಡಿಕೊಂಡು ಉಳಿದವನ್ನು ಒತ್ತರಿಸಿ ಹಬ್ಬುವುದು ‘ಇನ್‌ವೇಸಿವ್’, ನಮ್ಮ ಕಡೆಯ ಲಂಟಾನ, ಕಮ್ಯುನಿಸ್ಟ್ ಗಿಡ ಇದ್ದಂತೆ.

‘ಎಂಡೆಮಿಕ್’ ಎಂದರೆ ಇಂಥ ಜಾಗದಲ್ಲಿ ಮಾತ್ರ ಸಹಜವಾಗಿ ಸಿಗುತ್ತದೆ, ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ ಎಂದು. ನಿಮ್ಮ ಚೀಟಿಯಲ್ಲಿ ‘ಪಶ್ಚಿಮಘಟ್ಟಕ್ಕೆ ಎಂಡೆಮಿಕ್’ ಎಂದು ಪೂರ್ತಿ ಬರೆಯಬೇಕಿತ್ತು. ಪಶ್ಚಿಮಘಟ್ಟ ಗುಜರಾತಿನ ತಾಪಿಯಿಂದ ಕನ್ಯಾಕುಮಾರಿಯವರೆಗೆ ಸುಮಾರು 1,600 ಕಿಲೋಮೀಟರ್ ಉದ್ದ ಇದೆ. ಅದರುದ್ದಕ್ಕೂ ಇರುವ ಮರವೂ ಎಂಡೆಮಿಕ್, ಒಂದೆರಡು ಹಳ್ಳಗಳಲ್ಲಿ ಮಾತ್ರ ಇರುವುದೂ ಎಂಡೆಮಿಕ್. ನಂದಿ ಮರ ಘಟ್ಟಕ್ಕೆ ಎಂಡೆಮಿಕ್, ಆದರೆ ನಿಮ್ಮ ಬೆಟ್ಟದಲ್ಲಿ ಬೇಕಾದಷ್ಟಿರಬಹುದು. ಇನ್ನೊಂದು ತುದಿಗೆ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಇದೆ. ಗೇರಿನ ಕುಟುಂಬದ ಈ ಮರವನ್ನು ನಿಮ್ಮದೇ ತಾಲೂಕಿನ ಕತ್ತಲೆಕಾನಿನಿಂದ ವಿಜ್ಞಾನಿಗಳು ಮೊದಲ ಬಾರಿಗೆ ವಿವರಿಸಿದ್ದು 2000ದಲ್ಲಿ. ಅಷ್ಟು ದೊಡ್ಡ ಮರ ಒಂದು, ಹೆದ್ದಾರಿಯಿಂದ ಅಷ್ಟೇನೂ ದೂರವಿಲ್ಲದ ಕಾಡಿನಲ್ಲಿ, ಅಲ್ಲಿಯವರೆಗೆ ಹೆಸರಿಲ್ಲದೆ ನಿಂತಿತ್ತು! ಅದೂ ನಿಮ್ಮ ಹಳ್ಳದಂಥ ಜೌಗಿನದೇ. ಹಾಗಾಗಿ ನಿಮ್ಮ ಮರಗಳ ನಡುವೆ ಕೆಂಪು ರಸದ ಬದಲು ಕಪ್ಪಾಗುವ ಸೊನೆ ಬರುವ ಮರ ಕಂಡರೆ ಸುಮ್ನೆ ಬಿಡಬೇಡಿ, ಬಲ್ಲವರಿಗೆ ತೋರಿಸಿ. ಆದರೆ ಕೈಯಿಂದ ಮುಟ್ಟಬೇಡಿ, ಈ ಗೇರುಗಳ ಸೊನೆ ಮೈ ಸುಡುತ್ತದೆ.

ಈಗ ನಿಮ್ಮ ನೇರ ಪ್ರಶ್ನೆ. ಮೂವತ್ತು ನಲವತ್ತು ಮರ ಕಣ್ಣೆದುರಿಗೇ ಇದೆ, ರೇರ್ ಹೇಗೆ?

ಡೆಬೊರಾ ರಾಬಿನೋವಿಟ್ಜ್ ಎಂಬ ಸಸ್ಯವಿಜ್ಞಾನಿ 1981ರಲ್ಲಿ ಇದನ್ನು ಬಹಳ ಚೆನ್ನಾಗಿ ಬಿಡಿಸಿ ಹೇಳಿದರು. ಅಪರೂಪ ಅನ್ನುವ ಮೊದಲು ಮೂರು ಪ್ರಶ್ನೆ ಕೇಳಬೇಕು. ಆ ಸಸ್ಯ ಎಷ್ಟು ದೊಡ್ಡ ಪ್ರದೇಶದಲ್ಲಿದೆ? ಎಷ್ಟು ಬಗೆಯ ಜಾಗಗಳಲ್ಲಿ ಬೆಳೆಯಬಲ್ಲದು? ಇರುವ ಜಾಗದಲ್ಲಿ ಎಷ್ಟಿದೆ? ಮೂರಕ್ಕೂ ‘ಜಾಸ್ತಿ’ ಎಂಬ ಉತ್ತರ ಬಂದರೆ ಮಾತ್ರ ಅದು ಸಾಮಾನ್ಯ ಸಸ್ಯ. ಉಳಿದ ಏಳು ಬಗೆಯ ಉತ್ತರವೂ ಏಳು ಬಗೆಯ ಅಪರೂಪ. ನಿಮ್ಮ ಮರಕ್ಕೆ ಮೂರನೇ ಪ್ರಶ್ನೆಯ ಉತ್ತರ ‘ಜಾಸ್ತಿ’. ಇದ್ದಲ್ಲಿ ಗುಂಪಾಗಿಯೇ ಇರುತ್ತದೆ. ಎರಡನೇ ಪ್ರಶ್ನೆಗೆ ಬಂದರೆ ಕಥೆ ಬದಲಾಗುತ್ತದೆ. ವರ್ಷವಿಡೀ ಒದ್ದೆಯಿರುವ, ಕಾಡಿನ ನೆರಳಿರುವ, ನೀರು ನಿಧಾನವಾಗಿ ಹರಿಯುವ ತಗ್ಗು ಜಾಗವೇ ಅದಕ್ಕೆ ಬೇಕು. ಅಂಥ ಜಾಗ ಉತ್ತರ ಕನ್ನಡ ಮತ್ತು ಆಚೀಚೆ, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗ, ದಕ್ಷಿಣ ಕೇರಳದ ಕುಳತ್ತೂಪುಳ ಸುತ್ತ ಚೂರುಚೂರಾಗಿ ಉಳಿದಿದೆ. ಉಳಿದ ಕಡೆಯ ಹಡ್ಲುಗಳೆಲ್ಲ ಹಿಂದೆಯೇ ಗದ್ದೆಯಾದವು, ತೋಟವಾದವು. ನಿಮ್ಮ ಹಿರಿಯರು ಆ ಒಂದು ಹಳ್ಳ ಬಿಟ್ಟದ್ದರಿಂದ ಈ ಮರಗಳು ನಿಮಗೆ ‘ಬೇಕಾದಷ್ಟು’ ಕಾಣುತ್ತಿವೆ.

ಇನ್ನೊಂದು ಗೊಂದಲವನ್ನೂ ಇಲ್ಲೇ ಮುಗಿಸುತ್ತೇನೆ. ಹೂವು ಅಪರೂಪಕ್ಕೆ ಕಾಣುವುದು ಬೇರೆ, ಗಿಡ ಅಪರೂಪ ಆಗಿರುವುದು ಬೇರೆ. ಬಿದಿರಕ್ಕಿ ಒಬ್ಬರ ಆಯುಷ್ಯದಲ್ಲಿ ಒಂದೆರಡು ಸಲ ನೋಡಲು ಸಿಕ್ಕರೆ ಹೆಚ್ಚು, ಹಾಗಂತ ಬಿದಿರು ಅಪರೂಪದ ಗಿಡವಲ್ಲ.

‘ಎಂಡೇಂಜರ್ಡ್’ ಅಳೆಯುವುದು ಇನ್ನೂ ಬೇರೆಯದನ್ನು. ಇವತ್ತು ಎಷ್ಟಿದೆ ಅನ್ನುವುದರ ಜೊತೆಗೆ ಎಷ್ಟು ಬೇಗ ಕರಗುತ್ತಿದೆ, ಅಳಿದುಹೋಗುವ ಅಪಾಯ ಎಷ್ಟು ಎಂದು ಅದು ನೋಡುತ್ತದೆ. ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ಮೂರು ಅಪಾಯದ ಮೆಟ್ಟಿಲುಗಳಿವೆ: ವಲ್ನರಬಲ್, ಎಂಡೇಂಜರ್ಡ್, ಕ್ರಿಟಿಕಲಿ ಎಂಡೇಂಜರ್ಡ್. ಮೂರಕ್ಕೂ ಸೇರಿಸಿ ‘ಥ್ರೆಟನ್ಡ್’ ಅನ್ನುತ್ತಾರೆ. ಹೂ ಕಾಯಿ ಬಿಡುವ ವಯಸ್ಸಿಗೆ ಬಂದ ಗಿಡಗಳು ಇಡೀ ಜಗತ್ತಿನಲ್ಲಿ 50ಕ್ಕಿಂತ ಕಡಿಮೆ ಉಳಿದಿದ್ದರೆ ಅದೊಂದೇ ಕಾರಣಕ್ಕೆ ಕ್ರಿಟಿಕಲ್, 250ಕ್ಕಿಂತ ಕಡಿಮೆಯಾದರೆ ಎಂಡೇಂಜರ್ಡ್. ಆದರೆ ಸಾವಿರಗಟ್ಟಲೆ ಇದ್ದೂ ಎಂಡೇಂಜರ್ಡ್ ಆಗಬಹುದು. ಮೂರು ತಲೆಮಾರಿನಲ್ಲಿ ಅರ್ಧಕ್ಕರ್ಧ ಕಡಿಮೆಯಾಗಿದ್ದರೆ ಸಾಕು. ಅಥವಾ ಅದು ನಿಜವಾಗಿ ನಿಂತಿರುವ ಜಾಗ 500 ಚದರ ಕಿಲೋಮೀಟರಿಗಿಂತ ಕಡಿಮೆಯಿದ್ದು, ಆ ಜಾಗವೂ ತುಂಡುತುಂಡಾಗಿ ಕುಗ್ಗುತ್ತಿದ್ದರೂ ಸಾಕು. ಮಿರಿಸ್ಟಿಕಾ ಮ್ಯಾಗ್ನಿಫಿಕಾ ಎಂಡೇಂಜರ್ಡ್ ಎಂದು ಆ ಪಟ್ಟಿ ಸೇರಿದೆ. ಅದರ ದಾಯಾದಿ ರಾಮಪತ್ರೆ ವಲ್ನರಬಲ್ ಎಂದು ಸೇರಿದೆ.

‘ರೇರ್’ ಈಗ ಆ ಪಟ್ಟಿಯ ದರ್ಜೆಯೇ ಅಲ್ಲ. 1994ರಲ್ಲಿ ಹೊಸ ಮಾನದಂಡ ಬರುವ ಮೊದಲು ಇತ್ತು. 1987ರಿಂದ 1990ರ ನಡುವೆ ಮೂರು ಸಂಪುಟಗಳಲ್ಲಿ ಬಂದ ಭಾರತೀಯ ಸಸ್ಯಗಳ ರೆಡ್ ಡೇಟಾ ಬುಕ್‌ನಲ್ಲೂ ಇತ್ತು. ಅಲ್ಲಿಂದ ಉಳಿದು ಬಂದ ರೂಢಿಯಲ್ಲಿ ಇಲಾಖೆಯ ನರ್ಸರಿಗಳು ಇಂದಿಗೂ ‘ಆರ್‌ಇಟಿ ಗಿಡ’ ಅನ್ನುತ್ತವೆ, ಅಂದರೆ ರೇರ್, ಎಂಡೇಂಜರ್ಡ್, ಥ್ರೆಟನ್ಡ್. ಎಂಡೇಂಜರ್ಡ್ ಆದದ್ದೆಲ್ಲ ಹೇಗೂ ಥ್ರೆಟನ್ಡ್ ಒಳಗೇ ಬರುತ್ತದಲ್ವಾ? ಆ ಗುಂಪಿನ ಹೆಸರನ್ನು ಅಳತೆ ಎಂದು ತಿಳಿಯಬೇಡಿ.

ಈ ದರ್ಜೆಗಳು ಕಲ್ಲಿನಲ್ಲಿ ಕೊರೆದದ್ದೂ ಅಲ್ಲ. ಹಬ್ಬಾರ್ಡಿಯಾ ಹೆಪ್ಟನ್ಯೂರಾನ್ ಎಂಬ ಪುಟ್ಟ ಹುಲ್ಲಿನ ಕಥೆ ಕೇಳಿ. 1919ರಲ್ಲಿ ಜೋಗದ ಜಲಪಾತದ ಬಳಿ ಅದನ್ನು ಸಂಗ್ರಹಿಸಿದರು. ಹೊಸ ಜಾತಿಯೆಂದು ಹೆಸರಿಟ್ಟಾಗ ಜೋಗವೇ ಅದರ ‘ಟೈಪ್ ಲೊಕ್ಯಾಲಿಟಿ’ ಆಯಿತು. ಅಂದರೆ ಆ ಜಾತಿಯ ಹೆಸರು ಅಂಟಿಕೊಂಡಿರುವ ಮೂಲ ಮಾದರಿ ಸಿಕ್ಕ ಜಾಗ. ಆಮೇಲೆ ಅಲ್ಲಿ ಅದು ಮತ್ತೆ ಸಿಗಲಿಲ್ಲ. ಅಳಿದೇಹೋಯಿತು ಎಂದುಕೊಂಡರು. 2000ದ ನಂತರ ಮಹಾರಾಷ್ಟ್ರದ ತಿಲಾರಿ ಘಾಟಿನ ಒದ್ದೆ ಬಂಡೆಗಳ ಮೇಲೆ ಅದು ಪತ್ತೆಯಾಯಿತು. ಪಟ್ಟಿಯಲ್ಲಿರುವುದು ಆ ಹೊತ್ತಿಗೆ ಗೊತ್ತಿದ್ದಷ್ಟು ಮಾತ್ರ. ನಿಮ್ಮ ಹಳ್ಳದ ಮರಗಳು ಯಾರ ಲೆಕ್ಕದಲ್ಲೂ ಇರಲಿಕ್ಕಿಲ್ಲ. ನೀವು ತಿಳಿಸಿದರೆ ಆ ಲೆಕ್ಕ ಒಂದು ಹಳ್ಳದಷ್ಟು ಸರಿಯಾಗುತ್ತದೆ.

ತಿಳಿಸಿದರೆ ಜಮೀನು ಹೋಗುತ್ತದೆಯೇ? ಐಯುಸಿಎನ್ ಪಟ್ಟಿಗೆ ನಮ್ಮ ದೇಶದಲ್ಲಿ ಕಾನೂನಿನ ಬಲವಿಲ್ಲ. ಅದು ವಿಜ್ಞಾನಿಗಳ ಅಂದಾಜು. ಎಂಡೇಂಜರ್ಡ್ ಮರ ಇದೆ ಎಂಬ ಕಾರಣಕ್ಕೆ ಮಾಲ್ಕಿ ಜಮೀನಿನ ಹಕ್ಕು ಬದಲಾಗುವುದಿಲ್ಲ. ಇದೇ ಪಟ್ಟಿಯಲ್ಲಿರುವ ರಕ್ತಚಂದನವನ್ನು ಎಷ್ಟೋ ರೈತರು ತೋಟವಾಗಿ ಬೆಳೆಯುತ್ತಿಲ್ಲವೇ? 2002ರ ಜೀವವೈವಿಧ್ಯ ಕಾಯ್ದೆಯ 38ನೇ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರ ರಾಜ್ಯವಾರು ಅಪಾಯದಂಚಿನ ಜಾತಿಗಳ ಪಟ್ಟಿ ಹೊರಡಿಸಬಹುದು. ಅದರಲ್ಲಿ ಹೆಸರಿದ್ದರೆ ಸಂಗ್ರಹಕ್ಕೆ ನಿರ್ಬಂಧ ಬರುತ್ತದೆ, ಜಮೀನಿಗಲ್ಲ. ಮರ ಕಡಿಯುವ ವಿಷಯ ಬೇರೆ. 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಮಾಲ್ಕಿಯಲ್ಲೂ ವಿನಾಯಿತಿ ಇಲ್ಲದ ಮರ ಕಡಿಯಲು ಅನುಮತಿ ಬೇಕೇ ಬೇಕು. ಅದು ಮರ ಎಂಡೇಂಜರ್ಡ್ ಆಗಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ಆದರೆ ಒಂದನ್ನು ಮೊದಲು ಖಚಿತ ಮಾಡಿಕೊಳ್ಳಿ. ಆ ಹಳ್ಳ ನಿಮ್ಮ ಮಾಲ್ಕಿಯಲ್ಲಿದೆಯೋ, ಸೊಪ್ಪಿನ ಬೆಟ್ಟದಲ್ಲಿದೆಯೋ? ಪಹಣಿ, ನಕ್ಷೆ ತೆಗೆದು ನೋಡಿ. ಬೆಟ್ಟ ಎಂದರೆ ಸೊಪ್ಪು, ದರಕು (ಉದುರಿದ ಒಣ ಎಲೆ) ತರುವ ಸೌಲಭ್ಯ ಇರುವ ಅರಣ್ಯ ಜಮೀನು. ಅಲ್ಲಿ ಬಸಿಗಾಲುವೆ ತೆಗೆದು ಅಡಿಕೆ ಹಾಕಿದರೆ ಒತ್ತುವರಿ ಆಗುತ್ತದೆ. ಆಗ ಇಲಾಖೆ ಬರುವುದು ಅಪರೂಪದ ಮರ ಹುಡುಕಿಕೊಂಡಲ್ಲ, ನಿಮ್ಮ ಅಡಿಕೆ ಸಸಿ ಹುಡುಕಿಕೊಂಡು. ನೆರೆಯವರ ಭಯಕ್ಕೆ ಆಧಾರ ಇರುವುದು ಇಲ್ಲಿ ಮಾತ್ರ.

ಇನ್ನು ಆ ಮೂರು ಪದಗಳಿಗೆ ಬರೋಣ.

‘ಡಯೀಷಿಯಸ್’ ಎಂದರೆ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಜಾಯಿಕಾಯಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಏಳೆಂಟು ವರ್ಷ ಸಾಕಿದ ಮೇಲೆ ಗಂಡು ಎಂದು ತಿಳಿದು ಬೇಸರಪಟ್ಟವರು ಎಷ್ಟೋ ಜನ. ನಿಮ್ಮ ಹಳ್ಳದ ಮರಗಳೂ ಹಾಗೆಯೇ. ನಿಮ್ಮ ಮಗ ಕಾಯಿ ಬಿಡದ ಮರ ಕಡಿಯೋಣ ಎಂದದ್ದು ಓದಿ ನಿಜಕ್ಕೂ ಗಾಬರಿಯಾಯಿತು. ಕಾಯಿ ಬಿಡದವುಗಳಲ್ಲಿ ಹೆಚ್ಚಿನವು ಗಂಡು ಮರಗಳಿರುತ್ತವೆ. ಅವನ್ನು ತೆಗೆದರೆ ಉಳಿದ ಹೆಣ್ಣು ಮರಗಳು ನೋಡಲು ಹಸಿರಾಗಿಯೇ ಇರುತ್ತವೆ, ಕಾಯಿ ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಹೋಗುತ್ತದೆ. ಈ ಮರಗಳ ಹೂವು ಸಣ್ಣದು, ಪರಾಗ ಸಾಗಿಸುವ ಕೀಟಗಳೂ ಸಣ್ಣವು. ದೂರದ ಇನ್ನೊಂದು ಹಳ್ಳದಿಂದ ಪರಾಗ ಬಂದೀತು ಎಂದು ನಂಬಿ ಕೂರುವಂತಿಲ್ಲ. ನಲವತ್ತು ಮರ ಇದೆ ಎಂಬ ಲೆಕ್ಕವೂ ಇಲ್ಲಿ ಸಣ್ಣದಾಗುತ್ತದೆ. ಪ್ರಾಯಕ್ಕೆ ಬಂದವು ಎಷ್ಟು, ಅದರಲ್ಲಿ ಹೆಣ್ಣೆಷ್ಟು, ಗಂಡೆಷ್ಟು? ಮುಂದಿನ ಸಲ ಹೂ ಬಂದಾಗ ಪ್ರತಿ ಮರಕ್ಕೂ ಒಂದು ನಂಬರು ಕಟ್ಟಿ ಬರೆದಿಡಿ. ಕೆಳಗೆ ಬಿದ್ದ ಹೂ ಆರಿಸಿ ಬಿಡಿಸಿ ನೋಡಿದರೆ ತಿಳಿಯುತ್ತದೆ. ಹೆಣ್ಣು ಹೂವಿನ ಒಳಗೆ ಪುಟ್ಟ ಕಾಯಿಯ ಮೊಗ್ಗು ಇರುತ್ತದೆ. ಗಂಡು ಹೂವಿನಲ್ಲಿ ನಡುವೆ ಕೇಸರಗಳು ಒಂದಕ್ಕೊಂದು ಕೂಡಿದ ಸಣ್ಣ ಕಂಬ ಮಾತ್ರ.

‘ರಿಕಾಲ್ಸಿಟ್ರೆಂಟ್’ ಬೀಜ ಎಂದರೆ ಒಣಗಿಸಿ ಇಟ್ಟರೆ ಸಾಯುವ ಬೀಜ. ಹಲಸಿನ ಬೀಜ, ಅಡಿಕೆಯ ಬೀಜ ಇದೇ ಗುಂಪಿನವು. ಭತ್ತ, ರಾಗಿಯ ಹಾಗೆ ಡಬ್ಬಿಯಲ್ಲಿ ಹಾಕಿ ಮುಂದಿನ ವರ್ಷಕ್ಕೆ ಇಡಲಾಗದು. ಇದರ ಪರಿಣಾಮ ದೊಡ್ಡದು. ಎಷ್ಟೋ ಸಸ್ಯಗಳ ಬೀಜವನ್ನು ತಂಪು ಕೋಣೆಯ ಬೀಜಬ್ಯಾಂಕಿನಲ್ಲಿ ವರ್ಷಗಟ್ಟಲೆ ಕಾಪಿಡುತ್ತಾರೆ. ಹೀಗೆ ಜಾಗದಿಂದ ಹೊರಗೆ ಉಳಿಸುವುದಕ್ಕೆ ‘ಎಕ್ಸ್ ಸಿಟು’ ಅನ್ನುತ್ತಾರೆ, ಇದ್ದಲ್ಲೇ ಉಳಿಸುವುದು ‘ಇನ್ ಸಿಟು’. ನಿಮ್ಮ ಮರಗಳಿಗೆ ಬೀಜಬ್ಯಾಂಕಿನ ದಾರಿ ಇಲ್ಲ. ನಿಂತ ಮರವೇ ಅದರ ಬ್ಯಾಂಕು. ಬಿದ್ದ ಬೀಜ ಆ ಒದ್ದೆಯಲ್ಲೇ, ಆ ಮಳೆಗಾಲದಲ್ಲೇ ಮೊಳೆಯಬೇಕು. ಇಲ್ಲದಿದ್ದರೆ ಆ ವರ್ಷದ ಲೆಕ್ಕ ಮುಗಿಯಿತು.

‘ಸ್ವಾಂಪ್ ಆಬ್ಲಿಗೇಟ್’ ಎಂದರೆ ಜೌಗು ಬಿಟ್ಟು ಬದುಕದು. ಕೆಸರಿನಲ್ಲಿ ಗಾಳಿ ಆಡುವುದಿಲ್ಲ. ಬೇರಿಗೂ ಉಸಿರು ಬೇಕಲ್ವಾ? ಅದಕ್ಕೇ ಜಿಮ್ನಕ್ರಾಂಥೆರಾ ಬೇರನ್ನು ಮಂಡಿಯಂತೆ ಮೇಲೆತ್ತಿ, ತೊಗಟೆಯ ಸಣ್ಣ ರಂಧ್ರಗಳಿಂದ ಗಾಳಿ ಎಳೆದುಕೊಳ್ಳುತ್ತದೆ. ಮೇಲೆ ಬೆಟ್ಟದಲ್ಲಿ ನೆಟ್ಟರೆ ಗಿಡ ಕೂಡಲೇ ಸಾಯದೇ ಇರಬಹುದು, ಆದರೆ ಅಲ್ಲಿ ತನ್ನ ಸಂತಾನ ಮುಂದುವರಿಸುವುದಿಲ್ಲ. ಇಲ್ಲೊಂದು ಸೂಕ್ಷ್ಮ ಇದೆ. ನೀರು ಬೇಕು ಅಂತ ನೀರು ನಿಲ್ಲಿಸಿದರೂ ತಪ್ಪು. ಹಳ್ಳಕ್ಕೆ ಕಟ್ಟ ಹಾಕಿ ಮಂಡಿ ಬೇರು ವರ್ಷವಿಡೀ ಮುಳುಗುವಂತೆ ಮಾಡಿದರೆ ಮರ ಉಸಿರುಕಟ್ಟಿ ಸಾಯುತ್ತದೆ. ಬಸಿಗಾಲುವೆ ತೆಗೆದು ಒಣಗಿಸಿದರೆ ದೊಡ್ಡ ಮರ ಹಲವು ವರ್ಷ ತಡೆದುಕೊಂಡೀತು, ಆದರೆ ಮೊದಲ ಬೇಸಿಗೆಗೇ ಸಸಿಗಳು ಹೋಗುತ್ತವೆ. ಹೊರಗಿನಿಂದ ಬಂದು ನೋಡಿದವರಿಗೆ ಕಾಡು ಚೆನ್ನಾಗಿಯೇ ಕಾಣುತ್ತದೆ. ಕೆಳಗೆ ಬಗ್ಗಿ ನೋಡಿದರೆ ಒಂದೂ ಮರಿಗಿಡ ಇರುವುದಿಲ್ಲ. ಇಂಥ ಹಳ್ಳಗಳನ್ನು ಬಹಳ ನೋಡಿದ್ದೇನೆ. ಈಗ ನಿಮ್ಮಲ್ಲಿ ಮೊಣಕಾಲೆತ್ತರದ ಸಸಿಗಳಿವೆಯೇ? ನೀವು ಬರೆದಿಲ್ಲ. ನಾನು ಬಂದಿದ್ದರೆ ಮೊದಲು ನೋಡುತ್ತಿದ್ದದ್ದು ಅದನ್ನೇ.

ಹೀಗಿರುವಾಗ ನಿಮ್ಮ ಮುಂದಿರುವ ದಾರಿಗಳು.

ಮಗ ಹೇಳಿದಂತೆ ಹಡ್ಲು ಬಸಿದು ಅಡಿಕೆ ಹಾಕುವುದು ಒಂದು. ಮಾಲ್ಕಿಯೇ ಆಗಿದ್ದು, ಅನುಮತಿಯೂ ಸಿಕ್ಕಿತು ಎಂದಿಟ್ಟುಕೊಂಡರೂ ಇದು ಲಾಭದ ದಾರಿ ಎಂದು ನನಗೆ ಅನಿಸುವುದಿಲ್ಲ. ಅಡಿಕೆಗೆ ನೀರು ಬೇಕು, ಆದರೆ ಬುಡದಲ್ಲಿ ನೀರು ನಿಲ್ಲಬಾರದು. ಸರಿಯಾಗಿ ಬಸಿಯದ ಜಾಗದಲ್ಲಿ ಅಣಬೆ ರ‍ೋಗ ಹಿಡಿಯುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕಾಲುವೆ ಆಳ ಮಾಡಿದಷ್ಟೂ ಮೇಲಿನ ಹಳೇ ತೋಟದ ಬೇಸಿಗೆಯ ತೇವವೂ ಇಳಿಯುತ್ತದೆ. ವಿಸ್ತರಣೆ ಬೇಕೇ ಬೇಕು ಎಂದಾದರೆ ಹಡ್ಲಿನಿಂದ ಮೇಲಿನ, ಈಗಾಗಲೇ ಒಣಗಿರುವ ಅಂಚಿಗೆ ಸೀಮಿತ ಮಾಡಿ. ಆ ತೋಟದ ಬಸಿಗಾಲುವೆಯ ನೀರು ಜೌಗಿನ ಮೇಲ್ತುದಿಯಲ್ಲಿ ಹಳ್ಳ ಸೇರಲಿ. ಜೌಗನ್ನು ತಪ್ಪಿಸಿ ಕೆಳಗೆ ಬಿಡುವುದು ಬೇಡ.

ಏನೂ ಮಾಡದೆ ಹಾಗೇ ಬಿಡುವುದು ಇನ್ನೊಂದು. ಎಷ್ಟೋ ಸಲ ಇದೇ ಒಳ್ಳೆಯದು, ಆದರೆ ಪೂರ್ತಿ ಕೈಬಿಡುವುದಕ್ಕೂ ಹೀಗೆ ಬಿಡುವುದಕ್ಕೂ ವ್ಯತ್ಯಾಸ ಇದೆ. ದನ ನುಗ್ಗಿ ಸಸಿ ತುಳಿಯದಂತೆ ಬೇಲಿ ಬೇಕು. ಮೇಲಿನ ಅಬ್ಬಿಯಿಂದ ಪೈಪು ಹಾಕಿದ್ದರೆ ಮಾರ್ಚ್ ಆದಮೇಲೂ ಹಳ್ಳಕ್ಕೆ ಸ್ವಲ್ಪ ನೀರು ಇಳಿಯುವಂತೆ ಬಿಡಬೇಕು. ಜೌಗಿನ ಒಳಗಿನ ದರಕನ್ನು ಗುಡಿಸಬೇಡಿ, ಬೀಜ ಮೊಳೆಯುವುದು ಅದರ ಅಡಿಯಲ್ಲಿ. ಕೊಳೆ ಔಷಧಿ ಹೊಡೆಯುವ ಕಾಲದಲ್ಲಿ ಬೋರ್ಡೋ ಡ್ರಮ್ಮನ್ನು ದಯವಿಟ್ಟು ಹಳ್ಳದಲ್ಲಿ ತೊಳೆಯಬೇಡಿ. ಬೋರ್ಡೋದಲ್ಲಿರುವ ಮೈಲುತುತ್ತ ಕಪ್ಪೆಮರಿಗಳಿಗೆ, ನೀರಿನ ಹುಳಗಳಿಗೆ ವಿಷ. ಮಂಗಟ್ಟೆ ಹಕ್ಕಿ, ಕಾಡುಪಾರಿವಾಳ ಬಂದರೆ ಬರಲಿ ಬಿಡಿ. ಇಷ್ಟು ದಪ್ಪ ಬೀಜವನ್ನು ನುಂಗಿ ದೂರ ಒಯ್ಯುವ ಹಕ್ಕಿಗಳು ಹೆಚ್ಚಿಲ್ಲ.

ಸಸಿ ಮಾಡಿ ನೆಡುವುದು ಮೂರನೆಯದು. ಮರಿಗಿಡ ಕಡಿಮೆ ಇದ್ದರೆ ಮಾತ್ರ ಮಾಡಿ. ಕಾಯಿ ಒಡೆದು ಬಿದ್ದ ದಿನವೇ ಬೀಜ ಆರಿಸಿ, ಮೇಲಿನ ಕೆಂಪು ಪತ್ರೆ ಬಿಡಿಸಿ, ನೆರಳಿನಲ್ಲಿ ಒದ್ದೆ ಮರಳಿಗೆ ಹಾಕಿ. ತಿಂಗಳು ಕಳೆದರೂ ಮೊಳಕೆ ಕಾಣದಿದ್ದರೆ ಕಿತ್ತು ನೋಡಬೇಡಿ, ನಿಧಾನದ ಬೀಜ. ಅಪಾಯ ಏನೆಂದರೆ ಜನ ಚೆನ್ನಾಗಿ ಕಾಯಿ ಬಿಡುವ ಒಂದೇ ಮರದ ಬೀಜ ತರುತ್ತಾರೆ. ಆಗ ಮುಂದಿನ ತಲೆಮಾರೆಲ್ಲ ಒಂದೇ ತಾಯಿಯ ಮಕ್ಕಳಾಗುತ್ತವೆ. ಆದಷ್ಟು ಹೆಚ್ಚು ಹೆಣ್ಣು ಮರಗಳಿಂದ ಸ್ವಲ್ಪ ಸ್ವಲ್ಪ ಆರಿಸಿ. ಕೇರಳದಿಂದಲೋ ಬೇರೆ ಕಡೆಯಿಂದಲೋ ಇದೇ ಜಾತಿಯ ಸಸಿ ತಂದು ಬೆರೆಸುವುದು ಈಗ ಬೇಡ. ನಿಮ್ಮ ಹಳ್ಳದ್ದೇ ಸಾಕಷ್ಟಿದೆ.

ನರ್ಸರಿಯವರ ವಿಷಯ. ಜಾಯಿಕಾಯಿ ಕಸಿಗೆ ಕಾಡು ಮಿರಿಸ್ಟಿಕಾಗಳ ಸಸಿಯನ್ನು ಬೇರುಗಿಡವಾಗಿ ಬಳಸುವುದುಂಟು, ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಹಾಗೆ ಕಸಿ ಕಟ್ಟಿದ ಗಿಡದಲ್ಲಿ ಹೂ, ಕಾಯಿ ಬಿಡುವುದು ಮೇಲಿನ ಜಾಯಿಕಾಯಿ. ನಿಮ್ಮ ಮರದ ಸಂತಾನ ಅಲ್ಲಿಗೇ ನಿಂತಿತು. ಇದನ್ನು ಸಂರಕ್ಷಣೆ ಎಂದು ಹೇಳಿ ಬೀಜ ಕೇಳಿದರೆ ಒಪ್ಪಬೇಡಿ. “ಎಷ್ಟಿದ್ದರೂ ಕೊಡಿ” ಎಂಬ ಮಾತೇ ನನಗೆ ಸರಿ ಕಾಣಲಿಲ್ಲ. ಒಣಗಿಸಿ ಇಡಲಾಗದ ಬೀಜವನ್ನು ಪೂರ್ತಿ ಆರಿಸಿಕೊಂಡು ಹೋದರೆ ಆ ವರ್ಷ ಹಳ್ಳಕ್ಕೆ ಉಳಿಯುವುದು ಏನೂ ಇಲ್ಲ. ಕೊಡುವುದಾದರೆ ಮೊದಲು ಬೆಂಗಳೂರಿನ ಕರ್ನಾಟಕ ಜೀವವೈವಿಧ್ಯ ಮಂಡಳಿಗೆ ಬರೆದು ನಿಯಮ ಕೇಳಿ. ಆಮೇಲೂ ಹೆಚ್ಚಿನ ಪಾಲು ಬೀಜ ನೆಲದಲ್ಲೇ ಇರಲಿ.

ದಾಖಲೆ ಮಾಡಿಸುವುದನ್ನು ಈ ಎಲ್ಲದರ ಜೊತೆಗೂ ಮಾಡಬಹುದು. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದರ ಬಳಿ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಅದರಲ್ಲಿ ಈ ಹಳ್ಳದ ಹೆಸರು ಸೇರಿಸಲು ಕೇಳಿ. ಜಾಗ ಬಹಿರಂಗವಾದರೆ ಕದ್ದು ಕೀಳುವ ಅಪಾಯ ಸೀತಾಳೆ ಹೂ, ಔಷಧಿ ಬೇರುಗಳಿಗೆ ಹೆಚ್ಚು. ದೊಡ್ಡ ಮರಗಳಿಗೆ ಅಷ್ಟಿಲ್ಲ. ಆದರೂ ಮೊಬೈಲಿನಲ್ಲಿ ಫೋಟೋ ಹಾಕುವಾಗ ನಿಖರ ಜಾಗ ತೋರಿಸದಂತೆ ಹಾಕಿ. ಜೌಗು ನೋಡಲು ಬರುವವರ ಕಾಲ್ತುಳಿತವೇ ಮರಿಗಿಡಗಳಿಗೆ ಸಾಕಾಗುತ್ತದೆ.

ಕೊನೆಗೆ, ಹೆಸರನ್ನು ಗಟ್ಟಿ ಮಾಡಿಸಿ. ಚೀಟಿಯನ್ನು ಯಾರೂ ದಾಖಲೆ ಎಂದು ಒಪ್ಪುವುದಿಲ್ಲ. ಒಣಗಿಸಿದ ಮಾದರಿ ಬೇಕು, ಅದಕ್ಕೆ ‘ವೌಚರ್ ಸ್ಪೆಸಿಮನ್’ ಅನ್ನುತ್ತಾರೆ. ಹೂವಿರುವ ಒಂದು ಅಡಿ ಕೊಂಬೆಯನ್ನು ಹಳೇ ಪತ್ರಿಕೆಯ ನಡುವೆ ಇಟ್ಟು, ಒಂದು ಎಲೆಯನ್ನಾದರೂ ಅಡಿಭಾಗ ಮೇಲೆ ಬರುವಂತೆ ಮಗುಚಿ, ಭಾರ ಹೇರಿ. ಮಳೆಗಾಲವಾದರೆ ಪತ್ರಿಕೆಯನ್ನು ದಿನಾ ಬದಲಿಸಿ, ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತದೆ. ಗಂಡು ಮರದ ಕೊಂಬೆ ಒಂದು, ಹೆಣ್ಣು ಮರದ್ದು ಒಂದು, ಎರಡಕ್ಕೂ ಮರಕ್ಕೆ ಕಟ್ಟಿದ ನಂಬರನ್ನೇ ಬರೆಯಿರಿ. ದಿನಾಂಕ, ಊರು, ಬೇರು ಕೋಲಿನಂತಿದೆಯೋ ಮಂಡಿಯಂತಿದೆಯೋ, ರಸದ ಬಣ್ಣ ಏನು ಎಂದು ಸೇರಿಸಿ. ಒಣಗಿದ ಕೊಂಬೆಯಲ್ಲಿ ಇವು ಕಾಣುವುದಿಲ್ಲ. ಶಿರಸಿಯ ಅರಣ್ಯ ಮಹಾವಿದ್ಯಾಲಯ ನಿಮಗೆ ಹತ್ತಿರ, ಅಲ್ಲಿಗೆ ಒಯ್ದು ತೋರಿಸಿ. ಹೋಗುವ ಮೊದಲು ಜೌಗಿನಲ್ಲಿ ಹತ್ತು ಹೆಜ್ಜೆ ಉದ್ದ, ಹತ್ತು ಹೆಜ್ಜೆ ಅಗಲದ ಜಾಗ ಗುರುತಿಸಿ, ಅದರೊಳಗೆ ಎಷ್ಟು ಮರಿಗಿಡ ಇವೆ ಎಂದು ಎಣಿಸಿಕೊಳ್ಳಿ. ಮುಂದೇನು ಮಾಡಬೇಕು ಎಂದು ಅವರು ಹೇಳಬೇಕಾದರೆ ಆ ಅಂಕಿ ಬೇಕಾಗುತ್ತದೆ.